ಎಕ್ಸ್‌ರೇ ಬದ್ರಿಯಾ ಮತ್ತು ಮೀನುಪೇಟೆಯ ಗೆರೆ

ನನ್ನ ಅಕ್ಷರ ಚೆನ್ನಾಗಿಲ್ಲ, ಮೊದಲೇ ಕ್ಷಮೆ ಕೇಳುತ್ತೇನೆ. ಆರನೇ ತರಗತಿಯ ನಂತರ ನಾನು ಶಾಲೆಗೆ ಹೋಗಲಿಲ್ಲ. ನಾನು ಬರೆಯುವ ಸಾಲುಗಳು ನೀರಿಗಿಳಿಯುವ ಎಮ್ಮೆಗಳ ಹಾಗೆ ಒಂದು ಕಡೆಗೆ ವಾಲುತ್ತವೆ. ದೊಡ್ಡ ಮಾತುಗಳು ನನಗೆ ಬರುವುದಿಲ್ಲ. ಆದರೂ ಬದ್ರಿಯಾ ಖಾಲಾ ಬಗ್ಗೆ ಯಾರಾದರೂ ಬರೆದಿಡಬೇಕು, ಬೇರೆ ಯಾರೂ ಬರೆಯುವಂತೆ ಕಾಣಲಿಲ್ಲ. ಗೊತ್ತಿಲ್ಲದ್ದನ್ನು ನಾನು ಬರೆದಿಲ್ಲ. ಕಾಲಿನ ಮೂಳೆಗಳ ವಿಷಯವನ್ನೆಲ್ಲ ಖಾಲಾಗೆ ಓದಿ ಹೇಳಿ, ತಪ್ಪಿದ್ದಲ್ಲಿ ತಿದ್ದಿಕೊಂಡಿದ್ದೇನೆ.

ಬದ್ರಿಯಾ ಖಾಲಾ ನಮ್ಮೂರಿನ ಸಣ್ಣ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುತ್ತಾರೆ. ಖಾಲಾ ಎಂದರೆ ಚಿಕ್ಕಮ್ಮ, ಊರಿನ ಚಿಕ್ಕವರೆಲ್ಲ ಅವರನ್ನು ಹಾಗೇ ಕರೆಯುತ್ತೇವೆ. ಹುಟ್ಟಿದ್ದು ಇಲ್ಲೇ, ಜೊಂಡಿನ ಮನೆಯಲ್ಲಿ. ನಮ್ಮ ಜೌಗಿನ ನೀರನ್ನೆಲ್ಲ ಸರ್ಕಾರದವರು ಬತ್ತಿಸಿದ ಕಾಲದಲ್ಲಿ ನಮ್ಮವರೆಲ್ಲ ಚೆದುರಿ ಹೋದರಲ್ಲ, ಆಗ ಅವರ ಮನೆಯವರು ನಾಸಿರಿಯಾ ಪಟ್ಟಣಕ್ಕೆ ಹೋದರು. ಅಲ್ಲಿ ಅವರು ಈ ಕೆಲಸ ಕಲಿತರು. ನೀರು ಮರಳಿ ಬಂದು, ಜೊಂಡು ಮತ್ತೆ ಆಳೆತ್ತರ ಬೆಳೆದು, ಮೀನು ಹಿಡಿಯುವವರೂ ಎಮ್ಮೆ ಸಾಕುವವರೂ ಒಬ್ಬೊಬ್ಬರಾಗಿ ಹಿಂದಿರುಗಿದಾಗ ಖಾಲಾ ಕೂಡ ಬಂದರು. ನಾಸಿರಿಯಾದ ದೊಡ್ಡ ಆಸ್ಪತ್ರೆಯವರು ಬಿಡಲು ಒಪ್ಪಿರಲಿಲ್ಲವಂತೆ. ಖಾಲಾ ಹೇಳಿದ್ದು ಇಷ್ಟೇ: "ಅಲ್ಲಿ ಬರೋ ಕಾಲುಗಳಿಗೆ ಕೆಸರೇ ಮೆತ್ತಿರ್ತಿರಲಿಲ್ಲ. ಬೇಜಾರು ಬರ್ತಿತ್ತು."

ಅವರು ದಪ್ಪಗಿದ್ದಾರೆ, ಗಂಟಲು ದೊಡ್ಡದು. ಕಪ್ಪು ಅಬಾಯಾದ ಮೇಲೆ ಕಿರಣ ತಡೆಯುವ ಸೀಸದ ಅಂಗಿ ತೊಟ್ಟು ಬಾಗಿಲಿಗೆ ಬಂದು, "ಮುಂದಿನ ಎದೆ ಬರಲಿ! ಆಮೇಲೆ ಆ ಮೊಣಕೈ!" ಎಂದು ಕೂಗುತ್ತಾರೆ. ಜನರ ಹೆಸರಿಗಿಂತ ಮೂಳೆಯೇ ಅವರಿಗೆ ನೆನಪು. ಒಮ್ಮೆ ಪೇಟೆಯಲ್ಲಿ ಮಂಜುಗಡ್ಡೆ ಹೊತ್ತು ಹೋಗುತ್ತಿದ್ದವನನ್ನು ನಿಲ್ಲಿಸಿ, "ಏ ಎಡಗಾಲಿನ ಹರಡು, ಹೇಗಿದ್ದೀಯಪ್ಪಾ?" ಎಂದು ಕೇಳಿದ್ದನ್ನು ನಾನೇ ನೋಡಿದ್ದೇನೆ.

"ನನ್ನ ಹೆಸರು ಚಾಸಿಬ್, ಖಾಲಾ" ಎಂದ ಅವನು, ನಾಚಿಕೊಂಡು.

"ಗೊತ್ತು ಬಿಡು. ಚಾಸಿಬ್ ಅನ್ನೋರು ಊರಿಗೆ ಹತ್ತು ಜನ ಇದ್ದಾರೆ. ಅಂಥ ಹರಡು ಇರೋದು ನಿನಗೊಬ್ಬನಿಗೇ."

ನನ್ನ ಅಜ್ಜನ ಕಾಲಿಗೆ ಪೆಟ್ಟಾಗುವ ತನಕ ನಾನು ಅವರ ಕೋಣೆಯ ಒಳಗೆ ಹೋಗಿರಲಿಲ್ಲ. ಆ ಕಾಲಿನ ಕಥೆಯನ್ನೇ ಹೇಳುತ್ತೇನೆ. ಖಾಲಾ ಎಂಥವರು ಎಂಬುದು ಅದರಲ್ಲಿಯೇ ತಿಳಿಯುತ್ತದೆ.

ನನ್ನ ಅಜ್ಜನನ್ನು ಊರಿನವರು ಜಾಯರ್ ಮುತಶ್ಶರ್ ಎನ್ನುತ್ತಾರೆ. ದೂರದ ಯಾತ್ರೆ ಮಾಡಿ ಬಂದ ಹಿರಿಯರನ್ನು ನಮ್ಮಲ್ಲಿ ಜಾಯರ್ ಎಂದು ಕರೆಯುವುದು ವಾಡಿಕೆ. ಅಜ್ಜ ತುಂಬಾ ಎತ್ತರ. ದೋಣಿಯ ಹಿಂತುದಿಯಲ್ಲಿ ನಿಂತು ಉದ್ದನೆಯ ಗಳ ಊರಿ ತಳ್ಳುತ್ತಾ ಬಂದರೆ, ಜೊಂಡಿನ ಮೇಲೆ ಮೊದಲು ಕಾಣುವುದು ಅವನ ರುಮಾಲು, ಆಮೇಲೆ ದೋಣಿ. ಅವನು ತನ್ನ ಹೆಣ್ಣುಮಕ್ಕಳನ್ನೆಲ್ಲ ಮದುವೆಯ ದಿನ ತಾನೇ ದೋಣಿಯಲ್ಲಿ ನಿಂತು ಗಂಡನ ಮನೆಗೆ ಮುಟ್ಟಿಸಿದ್ದಾನೆ. ಇನ್ನು ಉಳಿದವಳು ಕೊನೆಯವಳಾದ ನನ್ನ ಸೋದರತ್ತೆ ಸಬೀಹಾ. ಅವಳ ಮದುವೆ ಈದ್ ಹಬ್ಬ ಕಳೆದು, ಬೇಸಿಗೆಯ ಬಿಸಿಲು ಇಳಿದ ಮೇಲೆ ಎಂದು ನಿಶ್ಚಯವಾಗಿತ್ತು.

ಬೇಸಿಗೆಯ ಆರಂಭದಲ್ಲಿ ಅಜ್ಜ ಎಮ್ಮೆಗಳಿಗೆ ಹಸಿ ಜೊಂಡು ತುಂಬಿಕೊಂಡು ಬಂದು ದಡಕ್ಕೆ ಕಾಲಿಟ್ಟ. ಬಲಗಾಲು ಕೆಸರಿನಲ್ಲಿ ಹೂತುಕೊಂಡಿತು. ದೋಣಿ ಸರಿಯಿತು, ಮೈ ತಿರುಗಿತು, ಪಾದ ಮಾತ್ರ ತಿರುಗಲಿಲ್ಲ. ಬಿದ್ದವನು ಎದ್ದು ಕುಳಿತು ಮೊದಲು ನೋಡಿದ್ದು ದೋಣಿ ಎಲ್ಲಿ ಹೋಯಿತು ಎಂದು. ಸಂಜೆಯ ಹೊತ್ತಿಗೆ ಹರಡು ಕುಂಬಳಕಾಯಿಯಂತಾಗಿತ್ತು. ಮೂಳೆ ಕಟ್ಟುವವರು ಬಂದು ಎಣ್ಣೆ ತಿಕ್ಕಿ, ಖರ್ಜೂರದ ಗರಿಯ ದಿಂಡು ಇಟ್ಟು ಕಟ್ಟಿ ಹೋದರು. ಬಾವು ಇಳಿಯಿತು. ಆದರೆ ಕಾಲೂರಿದರೆ ಅಜ್ಜನ ಮುಖ ಬೂದಿಯ ಬಣ್ಣಕ್ಕೆ ತಿರುಗುತ್ತಿತ್ತು.

"ನಾನು ನಿಲ್ಲೋಕಾಗದಿದ್ರೆ ಮದುವೆ ಮುಂದಕ್ಕೆ ಹಾಕಿ" ಎಂದ ಅಜ್ಜ. "ನನ್ನ ಮಗಳನ್ನ ಮೋಟಾರು ದೋಣೀಲಿ ಹೊಗೆ ಕುಡಿಸ್ಕೊಂಡು ಕಳಿಸೋದಿಲ್ಲ."

"ಮುಂದಕ್ಕೆ ಹಾಕಿದ್ರೆ ಮದುಮಗನೇ ಈಜ್ಕೊಂಡು ಬಂದುಬಿಡ್ತಾನೆ ಅಪ್ಪಾ" ಎಂದಳು ಸಬೀಹಾ ಅತ್ತೆ. ಎಲ್ಲರೂ ನಕ್ಕರು. ಆದರೆ ಅತ್ತೆ ಒಳಗೆ ಹೋಗಿ ಬಹಳ ಹೊತ್ತು ಅಕ್ಕಿ ಆರಿಸುತ್ತಾ ಕುಳಿತಳು. ಆ ಅಕ್ಕಿಯಲ್ಲಿ ಕಲ್ಲು ಇರಲಿಲ್ಲ, ಅದನ್ನು ಬೆಳಿಗ್ಗೆಯೇ ನಾನು ಆರಿಸಿಟ್ಟಿದ್ದೆ.

ನನ್ನ ಅಪ್ಪ ಖಲಫ್ ಬಸ್ರಾದಲ್ಲಿ ಕೆಲಸದಲ್ಲಿದ್ದ ಕಾರಣ ಅಜ್ಜಿಯೂ ನಾನೂ ಸೇರಿ ಅಜ್ಜನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಡಾಕ್ಟರ್ ಲುವಯ್ ಚಿಕ್ಕ ವಯಸ್ಸಿನವರು, ಮಾತು ಮೆತ್ತಗೆ. ಹರಡನ್ನು ಮುಟ್ಟಿ ನೋಡಿ, ಬೆರಳುಗಳನ್ನು ನಿಧಾನವಾಗಿ ಮೇಲಕ್ಕೆ ತಂದು ಮೊಣಕಾಲಿನ ಸ್ವಲ್ಪ ಕೆಳಗೆ, ಹೊರಬದಿಯಲ್ಲಿ ಒತ್ತಿದರು. ಅಜ್ಜ ಕೂಗಿದ ಕೂಗಿಗೆ ಹೊರಗೆ ಚಹಾ ಮಾರುವವನು ಇಣುಕಿ ನೋಡಿದ.

"ಏನಪ್ಪಾ, ಬಾಗಿಲು ಮುರಿದಿದ್ರೆ ಕಿಟಕಿಗೆ ಬಡೀತೀಯಾ?" ಎಂದ ಅಜ್ಜ. "ಪೆಟ್ಟಾಗಿರೋದು ಕೆಳಗೆ."

"ಆದರೆ ನೀವು ಕೂಗಿದ್ದು ಮೇಲೆ ಒತ್ತಿದಾಗ, ಜಾಯರ್" ಎಂದು ಡಾಕ್ಟರ್ ನಕ್ಕರು. "ಮಂಡಿಯಿಂದ ಹರಡಿನವರೆಗೆ ಪೂರ್ತಿ ಕಾಲಿನ ಚಿತ್ರ ಬೇಕು. ಎರಡೂ ಕೀಲು ಒಂದೇ ಫಿಲಂನಲ್ಲಿ ಬರಬೇಕು. ಬದ್ರಿಯಾಗೆ ಹೇಳ್ತೀನಿ."

ಅಜ್ಜನನ್ನು ಗಾಲಿಕುರ್ಚಿಯಲ್ಲಿ ತಳ್ಳಿಕೊಂಡು ಹೋದೆ. ಎಕ್ಸ್‌ರೇ ಕೋಣೆಯ ಬಾಗಿಲಿನಲ್ಲಿ ಅಜ್ಜ ಕೈ ಚಾಚಿ ಚೌಕಟ್ಟನ್ನು ಹಿಡಿದುಕೊಂಡ. ಕಿಟಕಿಯ ಬಿಸಿಲು ನೆಲದ ಮೇಲೆ ಎಲ್ಲಿ ಬಿದ್ದಿದೆ ಎಂದು ನೋಡಿದ. ಆಮೇಲೆ ಮೇಜು ನೋಡಿದ. ನೆಲಕ್ಕೆ ಬೋಲ್ಟು ಹಾಕಿ ಬಿಗಿದ ಉದ್ದನೆಯ ಮೇಜು ಅದು.

"ಇದರ ಕಾಲ್ದೆಸೆ ಕಿಬ್ಲಾಕ್ಕೆ ನೇರವಾಗಿದೆ" ಎಂದ. "ನಾನು ಇದರ ಮೇಲೆ ಮಲಗಲ್ಲ."

ನಮ್ಮಲ್ಲಿ ಪ್ರಾಣ ಹೋಗುವ ಸಮಯ ಬಂದವರನ್ನು ಅಂಗಾತ ಮಲಗಿಸಿ, ಅಂಗಾಲು ಕಿಬ್ಲಾದ ಕಡೆಗೆ ಬರುವಂತೆ ತಿರುಗಿಸುತ್ತೇವೆ. ಎತ್ತಿ ಕೂರಿಸಿದರೆ ಮುಖ ಮೆಕ್ಕಾದ ಕಡೆಗೆ ಇರಬೇಕು ಎಂದು. ಅಜ್ಜ ತನ್ನ ಅಪ್ಪನನ್ನೂ ಅಣ್ಣನನ್ನೂ ತನ್ನ ಕೈಯಾರೆ ಹಾಗೆ ತಿರುಗಿಸಿದವನು. ಆಸ್ಪತ್ರೆ ಕಟ್ಟಿದವರು ಮೇಜು ಕೂರಿಸುವಾಗ ಇದನ್ನು ಯೋಚಿಸಿರಲಿಲ್ಲ. ಎದೆಯ ಚಿತ್ರಕ್ಕೆ ಗೋಡೆಯ ಮುಂದೆ ನಿಂತರೆ ಸಾಕು, ಕೈಗಾದರೆ ಸ್ಟೂಲಿನ ಮೇಲೆ ಕುಳಿತರೆ ಆಯಿತು. ಕಾಲಿಗೆ ಮಾತ್ರ ಮಲಗಲೇಬೇಕು. ಆದ್ದರಿಂದ ಊರಿನ ಮುದುಕರು ಕಾಲು ನೋವೆಂದು ಬಂದವರು ಬಾಗಿಲಲ್ಲೇ ಕಿಬ್ಲಾ ಲೆಕ್ಕ ಹಾಕಿ, ಕುಂಟುತ್ತಲೇ ಮನೆಗೆ ಹೋಗಿಬಿಡುತ್ತಿದ್ದರು. ನಾಸಿರಿಯಾದವರಿಗೆ ಈ ಕಷ್ಟ ಗೊತ್ತಿಲ್ಲ. ಕಟ್ಟಡಗಳ ನಡುವೆ ಬದುಕುವವರಿಗೆ ದಿಕ್ಕು ಥಟ್ಟನೆ ತಿಳಿಯುವುದಿಲ್ಲ. ನಮ್ಮವರು ದಿನವಿಡೀ ನೀರಿನ ಮೇಲೆ ಇರುವವರು, ಕಣ್ಣು ಕಟ್ಟಿ ತಿರುಗಿಸಿ ಬಿಟ್ಟರೂ ಹೇಳುತ್ತಾರೆ.

"ಅಬೂ ಖಲಫ್, ಸಯ್ಯಿದರನ್ನ ಕೇಳ್ಕೊಂಡೇ ಬಂದಿದ್ದೀನಿ" ಎಂದಳು ಅಜ್ಜಿ. ಖಲಫನ ಅಪ್ಪ ಎಂದೇ ಅವಳು ಅಜ್ಜನನ್ನು ಕರೆಯುವುದು. ಸಯ್ಯಿದರು ಎಂದರೆ ಧರ್ಮದ ವಿಷಯಕ್ಕೆ ನಾವು ಕೇಳುವ ಹಿರಿಯರು. "ಯಾವ ಕಡೆ ಮಲಗಿದ್ರೂ ಆಯುಸ್ಸು ಕಮ್ಮಿ ಆಗಲ್ಲ ಅಂದ್ರು. ನಕ್ಕರು ಕೂಡಾ."

"ಸಯ್ಯಿದರ ಮಾತು ತಲೆ ಮೇಲಿದೆ. ಆದ್ರೆ ಕಾಲು ನಂದು. ಅವು ನನ್ನ ಮಾತೇ ಕೇಳಲ್ಲ, ಸಯ್ಯಿದರ ಮಾತು ಎಲ್ಲಿ ಕೇಳ್ತವೆ? ಆ ಮೇಜು ನೋಡಿದ್ರೇ ನಡುಗ್ತವೆ. ನೋಡು."

ನಿಜವಾಗಿಯೂ ಅಜ್ಜನ ಮೊಣಕಾಲು ನಡುಗುತ್ತಿತ್ತು. ಅವನು ನಡುಗಿದ್ದನ್ನು ನಾನು ಅದೇ ಮೊದಲು ನೋಡಿದ್ದು.

ಬದ್ರಿಯಾ ಖಾಲಾ ನಗಲಿಲ್ಲ, ಬೈಯಲಿಲ್ಲ. ಕುರ್ಚಿಯ ಮುಂದೆ ನೆಲದ ಮೇಲೆ ಕುಳಿತು ಅಜ್ಜನ ಕಾಲನ್ನು ತಮ್ಮ ತೊಡೆಯ ಮೇಲೆ ಇಟ್ಟುಕೊಂಡರು. "ಎಂಥ ಕಾಲು ಜಾಯರ್! ಇಷ್ಟುದ್ದದ ಕಾಲು ನನ್ನ ಕೋಣೆಗೆ ಬಂದೇ ಇರಲಿಲ್ಲ."

"ಹೊಗಳಿ ಮಲಗಿಸಬೇಡ, ತಾಯಿ."

"ಹೊಗಳ್ತಿಲ್ಲ, ಅಳೀತಿದ್ದೀನಿ" ಎಂದು ಖಾಲಾ ಹರಡಿನಿಂದ ಮಂಡಿಯವರೆಗೆ ಗೇಣು ಹಾಕಿದರು. ಆಮೇಲೆ ನನ್ನನ್ನು ನೋಡಿ, "ಮಗಳೇ, ಹೊರಗಿನ ಚಪ್ಪರದಿಂದ ಎರಡು ಒಣ ಜೊಂಡು ಎಳ್ಕೊಂಡು ಬಾ. ಒಂದು ದಪ್ಪ, ಒಂದು ಸಣ್ಣದು. ಯಾರಾದ್ರೂ ಕೇಳಿದ್ರೆ ಬದ್ರಿಯಾ ಮೂಳೆ ತರೋಕೆ ಹೇಳಿದ್ಲು ಅನ್ನು" ಎಂದರು.

ನಾನು ತಂದುಕೊಟ್ಟೆ. ಖಾಲಾ ಎರಡನ್ನೂ ಪಕ್ಕಪಕ್ಕಕ್ಕೆ ಇಟ್ಟು ಮೇಲೊಂದು ಕೆಳಗೊಂದು ಬ್ಯಾಂಡೇಜು ಬಟ್ಟೆಯಿಂದ ಬಿಗಿದರು. ಮಂಡಿಯ ಕೆಳಗೆ ಇರುವುದು ಇಂಥ ಎರಡೇ ಮೂಳೆ ಎಂದರು. ದಪ್ಪನೆಯದು ಒಳಬದಿಗೆ ಇರುತ್ತದೆ. ಕಣಕಾಲಿನ ಮುಂದೆ ಚರ್ಮದ ಕೆಳಗೇ ಅದರ ಏಣು ಕೈಗೆ ಸಿಗುತ್ತದೆ, ಕತ್ತಲಲ್ಲಿ ಮಂಚಕ್ಕೆ ತಾಗಿ ನಕ್ಷತ್ರ ಕಾಣಿಸುವುದು ಅದೇ. ಮೈಯ ಭಾರವನ್ನೆಲ್ಲ ಹೊರುವುದೂ ಅದೇ. ಸಣ್ಣದು ಹೊರಬದಿಗೆ, ಮೀನಖಂಡದ ಮಾಂಸದೊಳಗೆ ಅಡಗಿರುತ್ತದೆ. ಅದರ ಕೆಳತುದಿಯೇ ಹರಡಿನ ಹೊರಗಡೆಯ ಗುಬುಟು. ಮೇಲ್ತುದಿ ಮಂಡಿಯ ಸ್ವಲ್ಪ ಕೆಳಗೆ ಸಣ್ಣ ಗೋಲಿಯಂತೆ ಸಿಗುತ್ತದೆ. ನಾನು ಆಗಲೇ ಅಬಾಯಾದೊಳಗೆ ಕೈಯಾಡಿಸಿ ನನ್ನ ಗೋಲಿಯನ್ನು ಹುಡುಕಿಕೊಂಡೆ. ಇತ್ತು.

"ಈಗ ಮೇಲ್ತುದಿ ನೀವು ಹಿಡ್ಕೊಳ್ಳಿ ಜಾಯರ್. ಇದು ಮಂಡಿ. ಕೆಳಗಿನದು ನನ್ನ ಕೈಲಿ, ಕೆಸರಲ್ಲಿ ಹೂತಿರೋ ಪಾದ. ನಿಮ್ಮ ಮೈ ತಿರುಗ್ತು. ತಿರುಗಿಸಿ."

ಅಜ್ಜ ತಿರುಗಿಸಿದ. 'ಚಟ್' ಎಂದಿತು. ಸೀಳಿದ್ದು ಸಣ್ಣ ಜೊಂಡು. ಖಾಲಾ ಹಿಡಿದಿದ್ದ ಕೆಳಗಿನ ತುದಿಯಲ್ಲಿ ಅಲ್ಲ, ಅಜ್ಜ ಹಿಡಿದಿದ್ದ ತುದಿಯ ಹತ್ತಿರ.

ಅಜ್ಜ ಅದನ್ನು ಬಹಳ ಹೊತ್ತು ನೋಡಿದ. ಜೊಂಡಿನ ವಿಷಯದಲ್ಲಿ ಅವನಿಗೆ ಯಾರೂ ಸುಳ್ಳು ಹೇಳಲಾಗುವುದಿಲ್ಲ.

"ಹಾಗಾದ್ರೆ ಡಾಕ್ಟರ್ ಹುಡುಗ ಕಿಟಕಿ ಬಡಿದಿದ್ದು ಸರಿ" ಎಂದ. "ಮುರಿದಿದ್ದು ಗೊತ್ತಾಗದೆ ಹಾಗೇ ಬಿಟ್ರೆ?"

"ಹರಡಿನ ಹತ್ರ ಎರಡನ್ನೂ ಕಟ್ಟಿರೋ ನಾರು ಬಿಚ್ಚಿಕೊಂಡೇ ಇರುತ್ತೆ. ಕಾಲೂರಿದಾಗೆಲ್ಲ ಅಗಲ ಆಗುತ್ತೆ. ದೋಣೀಲಿ ಕೂತ್ಕೊಂಡು ಹೋಗ್ಬಹುದು. ನಿಂತ್ಕೊಂಡಲ್ಲ."

ಸಬೀಹಾ ಅತ್ತೆಯ ಮದುವೆಯ ದೋಣಿ ಎಲ್ಲರಿಗೂ ಕಣ್ಣ ಮುಂದೆ ಬಂದಿರಬೇಕು.

"ನಾಸಿರಿಯಾದ ಮೇಜು ಎತ್ತ ನೋಡುತ್ತೆ?" ಎಂದು ಅಜ್ಜ ಕೇಳಿದ.

"ಅದು ನೆನಪಿಲ್ಲ. ಆದ್ರೆ ಆ ರಸ್ತೆಯ ಗುಂಡಿಗಳು ನೆನಪಿವೆ. ಹೀಗೇ ಕೂರಿಸ್ಕೊಂಡು ಹೋದ್ರೆ ಮುರಿಯದೆ ಇರೋದೂ ಮುರಿಯುತ್ತೆ. ಇಲ್ಲೇ ಏನಾದ್ರೂ ಮಾಡೋಣ. ತಲೆ ಇಡೋ ಕಡೆ ಕಾಲಿಟ್ಟು ಮಲಗ್ತೀರಾ?"

ಹಟ ಬಿಡದ ಮುದುಕರಿಗೆ ಖಾಲಾ ಹಿಂದೆಯೂ ಹಾಗೆ ಮಾಡಿದ್ದರಂತೆ. ಅಜ್ಜ ಒಪ್ಪಿದ. ಅಜ್ಜಿ ಬಿಸ್ಮಿಲ್ಲಾ ಹೇಳಿದಳು. ನಾವು ಸೀಸದ ಪರದೆಯ ಹಿಂದೆ ನಿಂತೆವು. ಯಂತ್ರ ಗುಯ್ ಎಂದಿತು. ಆದರೆ ಫಿಲಂ ತೊಳೆದು ಬೆಳಕಿಗೆ ಹಿಡಿದಾಗ ಹರಡು ಕಪ್ಪಗೆ, ಮಂಡಿಯ ಕಡೆ ಹಿಟ್ಟಿನ ಹಾಗೆ ಬೆಳ್ಳಗೆ. ಸಾಲದ್ದಕ್ಕೆ ಕಾಲು ಉದ್ದವಾಗಿ ಮಂಡಿಯ ಅರ್ಧಭಾಗ ಚಿತ್ರದಿಂದಲೇ ಹೊರಗೆ ಹೋಗಿತ್ತು.

"ನಿನ್ನ ತಂದೂರಿ ಒಲೆ ಒಂದು ಕಡೆ ಮಾತ್ರ ಕಾಯುತ್ತೆ ಅಂತ ಕಾಣುತ್ತೆ" ಎಂದಳು ಅಜ್ಜಿ. "ರೊಟ್ಟಿ ಆ ಕಡೆ ಸೀದಿದೆ, ಈ ಕಡೆ ಬೆಂದೇ ಇಲ್ಲ."

"ಸರಿಯಾಗಿ ಹೇಳಿದ್ರಿ!" ಖಾಲಾ ಜೋರಾಗಿ ನಕ್ಕರು. "ಇದರ ಕಿರಣ ಒಂದು ತುದೀಲಿ ಜೋರು, ಇನ್ನೊಂದು ತುದೀಲಿ ಮಂದ. ದಪ್ಪಗಿರೋ ಮಂಡಿ ಜೋರಿನ ಕಡೆ ಇರ್ಬೇಕು, ತೆಳ್ಳಗಿರೋ ಹರಡು ಮಂದ ಇರೋ ಕಡೆ. ತಿರುಗಿಸಿ ಮಲಗಿಸಿದ್ವಲ್ಲ, ಅದಕ್ಕೇ ಹೀಗಾಯ್ತು. ಗಿಡ್ಡ ಕಾಲಾದ್ರೆ ಹೇಗೋ ನಡೆಯುತ್ತೆ. ಜಾಯರ್ ಕಾಲಿಗೆ ನಡೆಯಲ್ಲ."

ಡಾಕ್ಟರ್ ಕೂಡ ಬಂದು ನೋಡಿ ತಲೆಯಾಡಿಸಿದರು. ಬೇಕಾದ ಜಾಗವೇ ಕಾಣುತ್ತಿಲ್ಲ ಎಂದರು. ಅಜ್ಜ ಮತ್ತೆ ಕುರ್ಚಿಗೆ ಇಳಿದು ಕುಳಿತ. ಅವನು ಚಿಕ್ಕವನಾದಂತೆ ನನಗೆ ಕಂಡಿತು.

ಖಾಲಾ ಖಾಲಿ ಫಿಲಂ ಪೆಟ್ಟಿಗೆ ತೆಗೆದು ಮೇಜಿನ ಕೆಳಗಿನ ಖಾನೆಗೆ ತಳ್ಳಿದರು. ಅದು ಮೇಜಿನ ಉದ್ದಕ್ಕೆ ಮಾತ್ರ ಕೂರುತ್ತದೆ, ಓರೆಯಾಗಿ ಇಡಲು ಬರುವುದಿಲ್ಲ. "ಸರಿಯಾದ ದಿಕ್ಕಿಗೆ ಮಲಗಿಸಿದ್ರೂ ಇವರ ಕಾಲು ನೇರ ಹಿಡಿಸಲ್ಲ" ಎಂದು ತಮ್ಮಷ್ಟಕ್ಕೇ ಅಂದುಕೊಂಡರು. "ಉದ್ದ ಕಾಲನ್ನ ಮೂಲೆಯಿಂದ ಮೂಲೆಗೆ ಇಡ್ಬೇಕು ಅಂತ ಕಲಿಸಿದ್ರು. ಪೆಟ್ಟಿಗೆ ತಿರುಗಲ್ಲ, ಆದ್ದರಿಂದ ಮನುಷ್ಯನೇ ತಿರುಗಬೇಕು." ಜೇಬಿನಿಂದ ಸೀಮೆಸುಣ್ಣ ತೆಗೆದು, ಪೆಟ್ಟಿಗೆ ಇರುವ ಜಾಗದ ಮೇಲೆ ಒಂದು ಮೂಲೆಯಿಂದ ಎದುರು ಮೂಲೆಗೆ ಉದ್ದನೆಯ ಗೆರೆ ಎಳೆದರು. ಕಾಲಿನ ಅಳತೆ ಸರಿಹೋಗುತ್ತದೆಯೇ ಎಂದು ಗೇಣು ಹಾಕಿ ನೋಡುತ್ತಿದ್ದರು, ಅಷ್ಟೆ.

ಗೆರೆಯನ್ನು ನೋಡುತ್ತಿದ್ದ ಅಜ್ಜ ಕುರ್ಚಿಯಲ್ಲಿ ನೆಟ್ಟಗೆ ಕುಳಿತ. ದೋಣಿಯಲ್ಲಿ ದೂರದ ಕಾಲುವೆ ಹುಡುಕುವಾಗ ಮಾಡುವಂತೆ ಒಂದು ಕಣ್ಣು ಮುಚ್ಚಿ, ತೋರುಬೆರಳನ್ನು ಗೆರೆಯ ಉದ್ದಕ್ಕೂ ಹಿಡಿದು ಕಿಟಕಿಯ ಆಚೆಗೆ ಚಾಚಿದ.

"ಬದ್ರಿಯಾ, ಈ ಗೆರೆ ಮೇಲೆ ಮಲಗಿದ್ರೆ ಕಾಲು ಇದೇ ಓರೆಗೆ ಇರುತ್ತಾ?"

"ಇದೇ ಓರೆಗೆ. ಸೊಂಟ ಆ ಅಂಚಿಗೆ, ಪಾದ ಈ ಮೂಲೆಗೆ."

"ಕಾಲುವೆ ದಾಟ್ತು... ಮಂಜುಗಡ್ಡೆ ಕಾರ್ಖಾನೆ ಬಿಟ್ಟು ಬಲಕ್ಕೆ..." ಅಜ್ಜನ ಬೆರಳು ನಿಂತಿತು. "ಮೀನುಪೇಟೆ!"

"ಏನು ಮೀನುಪೇಟೆ?"

"ನನ್ನ ಅಂಗಾಲು ನೋಡೋದು ಕಿಬ್ಲಾ ಕಡೆಗಲ್ಲ, ಮೀನುಪೇಟೆ ಕಡೆಗೆ! ಮೀನುಪೇಟೆಗೆ ಕಾಲು ಚಾಚಿ ಸತ್ತವರು ಯಾರಾದ್ರೂ ಇದ್ದಾರಾ?"

"ನಾಚಿಕೆಯಿಂದ ಸತ್ತಿರಬಹುದು" ಎಂದಳು ಅಜ್ಜಿ. "ನೀವು ಬಾಕಿ ಇಟ್ಟಿರೋ ಮೀನಿನ ದುಡ್ಡೆಲ್ಲ ಅಲ್ಲೇ ಇದೆ."

ಖಾಲಾ ಕಿಟಕಿಗೆ ಹೋಗಿ ನೋಡಿದರು, ಗೆರೆ ನೋಡಿದರು, ಮತ್ತೆ ಕಿಟಕಿಗೆ ಹೋದರು. ಆಮೇಲೆ ಅಂಗೈಯಿಂದ ಹಣೆ ಹೊಡೆದುಕೊಂಡು ನಕ್ಕರು, ಸೀಸದ ಅಂಗಿ ಕುಲುಕುವಷ್ಟು. "ಎಷ್ಟು ವರ್ಷದಿಂದ ಮುದುಕರನ್ನ ಬೇಡ್ಕೊಂಡೆ, ಹೆದರಿಸ್ದೆ, ಚಹಾ ಕುಡಿಸ್ದೆ! ಓರೆಯಾಗಿ ಮಲಗಿಸಬಹುದು ಅಂತ ನನಗ್ಯಾಕೆ ಹೊಳೀಲಿಲ್ಲ ಜಾಯರ್?"

"ನಿನ್ನ ಹತ್ರ ಉದ್ದ ಕಾಲು ಬಂದಿರಲಿಲ್ಲ, ನೀನೇ ಹೇಳಿದೆಯಲ್ಲ" ಎಂದ ಅಜ್ಜ, ಆಗಲೇ ಮೇಜಿನ ಅಂಚು ಹಿಡಿದು ಏಳಲು ನೋಡುತ್ತಾ. ಅವನ ಕಾಲು ನಡುಗುತ್ತಿರಲಿಲ್ಲ.

ಅವನನ್ನು ಗೆರೆಯ ಮೇಲೆ ಹೇಗೆ ಮಲಗಿಸಿದರು ಎಂಬುದನ್ನು ಸರಿಯಾಗಿ ಬರೆಯುತ್ತೇನೆ, ಏಕೆಂದರೆ ಖಾಲಾ ಕೆಲಸ ಅದೇ. ಅಂಗಾತ ಮಲಗಿದ ಮನುಷ್ಯನ ಪಾದ ತಾನಾಗಿಯೇ ಹೊರಗಡೆಗೆ ವಾಲುತ್ತದೆ. ಹಾಗೆ ಬಿಟ್ಟರೆ ಸಣ್ಣ ಮೂಳೆ ದಪ್ಪ ಮೂಳೆಯ ಹಿಂದೆ ಅವಿತುಕೊಳ್ಳುತ್ತದೆ. ಖಾಲಾ ತೊಡೆಯ ಕಡೆಯಿಂದ ಇಡೀ ಕಾಲನ್ನು ನಿಧಾನವಾಗಿ ಸ್ವಲ್ಪ ಒಳಕ್ಕೆ ತಿರುಗಿಸಿದರು, ಮಂಡಿ ಚಿಪ್ಪು ನೇರ ಚಾವಣಿ ನೋಡುವ ತನಕ. ಪಾದವನ್ನು ಮಾತ್ರ ಹಿಡಿದು ತಿರುಗಿಸಬಾರದು, ಮುರಿದ ಕಾಲಿಗೆ ಅದು ಅಪಾಯ. ಆಮೇಲೆ ಬೆರಳುಗಳು ಮೇಲೆ ಬರಬೇಕು.

"ನಮಾಜಿನಲ್ಲಿ ಹಣೆ ನೆಲಕ್ಕಿಟ್ಟಾಗ ಪಾದ ನಿಲ್ಲಿಸ್ತೀರಲ್ಲ, ಹಾಗೆ."

"ನೋಯುತ್ತೆ."

"ಹಾಗಾದ್ರೆ ಗಳ ತಳ್ಳುವಾಗ ದೋಣಿಯ ಹಲಗೆಗೆ ಅಂಗಾಲು ಒತ್ತಿ ಹಿಡೀತೀರಲ್ಲ, ಅದರ ಅರ್ಧ ಸಾಕು. ನಾನು ಹಲಗೆ ಆಗ್ತೀನಿ" ಎಂದು ಮರಳಿನ ಚೀಲವನ್ನು ಅಂಗಾಲಿಗೆ ಒತ್ತಿ ಇಟ್ಟರು. ಪಾದ ನಿಂತಿತು. ಯಂತ್ರದ ದೀಪದ ಚೌಕದೊಳಗೆ ಮಂಡಿಯೂ ಇತ್ತು, ಹರಡೂ ಇತ್ತು, ಎರಡೂ ಕಡೆ ಎರಡೆರಡು ಬೆರಳಿನಷ್ಟು ಜಾಗವೂ ಉಳಿದಿತ್ತು.

"ಅಲ್ಲಾಡಬೇಡಿ!"

ನಾವು ಪರದೆಯ ಹಿಂದೆ ಓಡಿದೆವು. ಅಷ್ಟರಲ್ಲಿ ಅಜ್ಜ ಮಲಗಿದ್ದಲ್ಲೇ ಹಾಡು ಶುರುಮಾಡಿದ. ನಮ್ಮ ಗಂಡಸರು ಗುಂಪು ಕಟ್ಟಿ ನೆಲ ತುಳಿಯುತ್ತಾ ಕೂಗುವ ಹಾಡು ಅದು. ಪದವನ್ನು ಅಲ್ಲೇ ಕಟ್ಟಿದ್ದ: "ಮೀನೇ, ಮೀನೇ, ದಾರಿ ಬಿಡು, ಮುತಶ್ಶರನ ಕಾಲು ಬಂತು!"

"ಹಾಡೋದು ಬಾಯಲ್ಲಿ ಮಾತ್ರ ಜಾಯರ್! ಕಾಲು ತುಳಿದ್ರೆ ಇನ್ನೊಂದು ಫಿಲಂ ಹೋಯ್ತು!" ಎಂದು ಖಾಲಾ ಕೂಗಿದರು. ಅಜ್ಜ ಸುಮ್ಮನಾದ. ಯಂತ್ರ ಗುಯ್ ಎಂದಿತು.

ಆಮೇಲೆ ಪಕ್ಕದಿಂದ ಒಂದು ಚಿತ್ರ. ಬಲಗಡೆಗೆ ಹೊರಳಿಸಿ, ಮಂಡಿಯನ್ನು ಸ್ವಲ್ಪ ಮಡಿಸಿ, ಚಿಪ್ಪು ಗೋಡೆ ನೋಡುವಂತೆ ಮಾಡಿ, ಇನ್ನೊಂದು ಕಾಲನ್ನು ದಾಟಿಸಿ ದಿಂಬಿನ ಮೇಲೆ ಇಟ್ಟರು. ಅದೇ ಗೆರೆಯ ಮೇಲೆ. ಹೀಗೆ ಹೊರಳಿ ಮಲಗಿದವನು ನಿದ್ದೆ ಮಾಡುವ ಮಗುವಿನ ಹಾಗೆ ಕಾಣುತ್ತಾನೆ. ಅಜ್ಜ ನಿಜವಾಗಿಯೂ ಕಣ್ಣು ಮುಚ್ಚಿದ್ದ.

ಫಿಲಂ ಬಂದಾಗ ಖಾಲಾ ಅದನ್ನು ಬೆಳಕಿನ ಪೆಟ್ಟಿಗೆಗೆ ಸಿಕ್ಕಿಸಿ ನನ್ನನ್ನು ಹತ್ತಿರ ಕರೆದರು. ಎರಡು ಜೊಂಡುಗಳು ನೀರಿನಲ್ಲಿ ನಿಂತಂತೆ ಕಂಡವು. ದಪ್ಪನೆಯದು ಮೇಲಿಂದ ಕೆಳಗಿನ ತನಕ ಗಟ್ಟಿಯಾಗಿತ್ತು. ಸಣ್ಣದರಲ್ಲಿ, ಮಂಡಿಯ ಸ್ವಲ್ಪ ಕೆಳಗೆ, ಓರೆಯಾಗಿ ಕೂದಲೆಳೆಯಂಥ ಕಪ್ಪು ಗೆರೆ.

"ಏನು ಕಾಣುತ್ತೆ ಹೇಳು" ಎಂದರು ನನಗೆ.

ನನಗೆ ಬೇರೆಯವರ ಮುಂದೆ ಮಾತು ಬರುವುದಿಲ್ಲ. ಅಜ್ಜ ಚೌಕಟ್ಟು ಹಿಡಿದ ಹಾಗೆ ನಾನು ಸುಮ್ಮನೆ ಪೆಟ್ಟಿಗೆಯ ಅಂಚು ಹಿಡಿದೆ. ಆಮೇಲೆ ಆ ಗೆರೆಯ ಮೇಲೆ ಬೆರಳಿಟ್ಟು ತೋರಿಸಿದೆ. ಖಾಲಾ "ಹ್ಞಾಂ!" ಎಂದು ನನ್ನ ಬೆನ್ನಿಗೆ ಗುದ್ದಿದ ಗುದ್ದು ಇನ್ನೂ ನೆನಪಿದೆ.

ಡಾಕ್ಟರ್ ಲುವಯ್ ನೋಡಿದರು. ಮೇಲೆ ಮುರಿದಿದೆ, ಕೆಳಗೆ ನಾರು ಬಿಚ್ಚಿದೆ, ಹರಡಿನ ಹತ್ತಿರ ಎರಡು ಮೂಳೆಗಳನ್ನು ಸೇರಿಸಿ ಒಂದು ತಿರುಪು ಹಾಕಬೇಕು, ಹಾಕಿದರೆ ಸರಿಹೋಗುತ್ತದೆ ಎಂದರು. ಕಾಲನ್ನು ಅಲುಗದಂತೆ ಕಟ್ಟಿ, ಅಜ್ಜನನ್ನು ಮಲಗಿಸಿಯೇ ನಾಸಿರಿಯಾಕ್ಕೆ ಕಳಿಸಿದರು. ಅಲ್ಲಿ ಅಜ್ಜ ಎಲ್ಲರಿಗಿಂತ ಮೊದಲು ಕೇಳಿದ್ದು ಆಪರೇಷನ್ ಮೇಜು ಎತ್ತ ನೋಡುತ್ತದೆ ಎಂದು. ದಾದಿಗೆ ಏನೂ ಅರ್ಥವಾಗದೆ, "ಬಸ್ ನಿಲ್ದಾಣದ ಕಡೆಗೆ ಇರ್ಬೇಕು, ಅಜ್ಜಾ" ಎಂದಳಂತೆ. ಅಜ್ಜ ಸಮಾಧಾನದಿಂದ ಮಲಗಿದನಂತೆ.

ತಿರುಪು ಹಾಕಿಸಿಕೊಂಡು ಬಂದ ಮೇಲಿನದು ಕಾಯುವ ಕೆಲಸ. ಬೇಸಿಗೆಯೆಲ್ಲ ಅಜ್ಜ ದಡದಲ್ಲಿ ಕಾಲು ಚಾಚಿ ಕುಳಿತು, ದೋಣಿಯಲ್ಲಿ ಹೋಗುವವರಿಗೆಲ್ಲ ಗಳ ಹಿಡಿಯುವುದು ಕಲಿಸಿದ. ಯಾರೂ ಕೇಳಿರಲಿಲ್ಲ. ಖಾಲಾ ಆಗಾಗ ಮನೆಗೆ ಬಂದು, ಅಜ್ಜಿ ಕೊಟ್ಟ ಎಮ್ಮೆ ಕೆನೆಗೆ ಖರ್ಜೂರದ ಪಾಕ ಸುರಿದು ಅಕ್ಕಿ ರೊಟ್ಟಿಯ ಜೊತೆ ತಿನ್ನುತ್ತಾ, ಅಜ್ಜನ ಪಾದದ ಬೆರಳುಗಳ ಜೊತೆ ಮಾತಾಡಿ ಹೋಗುತ್ತಿದ್ದರು. "ಮೇಲೆ ಎತ್ತು. ಇನ್ನೂ. ಸೋಮಾರಿ ಹೆಬ್ಬೆಟ್ಟೇ!"

ಊರಿನಲ್ಲಿ ಸುದ್ದಿ ಹರಡಿತು. ಮೊದಲು ಬಂದವರು ಮಂಡಿ ನೋವಿನ ಒಬ್ಬ ಹಿರಿಯರು. ಬಾಗಿಲಲ್ಲಿ ನಿಂತು ಗುಟ್ಟಾಗಿ, "ಆ ಮೀನುಪೇಟೆ ಗೆರೆ ಇದೆಯಂತಲ್ಲ, ಅದರ ಮೇಲೆ ನನ್ನನ್ನೂ ಮಲಗಿಸ್ತೀಯಾ ತಾಯಿ?" ಎಂದು ಕೇಳಿದರಂತೆ. ಆಮೇಲೆ ಅವರ ಹೆಂಡತಿ, ಆಮೇಲೆ ಅವರ ಬೀಗರು. ಖಾಲಾ ಸೀಮೆಸುಣ್ಣದ ಗೆರೆಯನ್ನು ಒರೆಸಿ ನೀಲಿ ಬಣ್ಣದಲ್ಲಿ ಎಳೆದುಬಿಟ್ಟಿದ್ದಾರೆ. ಗಿಡ್ಡ ಕಾಲಿನವರೂ ಈಗ ಅದೇ ಬೇಕೆನ್ನುತ್ತಾರೆ. ಮೀನು ಮಾರುವ ಹೆಂಗಸರು ಮಾತ್ರ ಖಾಲಾರನ್ನು ಬೈಯುತ್ತಾರೆ. "ಊರಿನ ಮುದುಕರ ಅಂಗಾಲೆಲ್ಲ ನಮ್ಮ ಬುಟ್ಟಿ ಕಡೆಗೆ ತಿರುಗಿಸಿದ್ದೀಯಲ್ಲೇ!" ಎಂದು ಬೈದು, ಒಂದು ಮೀನು ಜಾಸ್ತಿ ಹಾಕುತ್ತಾರೆ.

ಬೇಸಿಗೆ ಮುಗಿಯುತ್ತಾ ಬಂದಾಗ ತಿರುಪು ತೆಗೆದರು. ಅಜ್ಜ ಮೊದಲು ಕೋಲು ಹಿಡಿದು ನಡೆದ, ಆಮೇಲೆ ಕೋಲು ಮರೆತು ನಡೆದ. ಆದರೆ ದೋಣಿಯಲ್ಲಿ ನಿಲ್ಲುವುದು ಬೇರೆ. ನೆಲ ಅಲ್ಲಾಡುವುದಿಲ್ಲ, ದೋಣಿ ಅಲ್ಲಾಡುತ್ತದೆ. ಡಾಕ್ಟರ್ ಕೊನೆಯ ಚಿತ್ರ ನೋಡಿದ ಮೇಲೆಯೇ ಹೇಳುವುದಾಗಿ ಅಂದರು. ಆ ಚಿತ್ರ ತೆಗೆದದ್ದು ಇವತ್ತು ಬೆಳಿಗ್ಗೆ.

ಸಬೀಹಾ ಅತ್ತೆಯೂ ಬಂದಿದ್ದಳು. ಅವಳ ಕೈಗೆ ಗೋರಂಟಿ ಹಚ್ಚಿ ಬಟ್ಟೆ ಸುತ್ತಿದ್ದರಿಂದ ಬಾಗಿಲು ತೆರೆಯಲೂ ಆಗುತ್ತಿರಲಿಲ್ಲ. ಅಜ್ಜ ತಾನಾಗಿಯೇ ಮೇಜು ಹತ್ತಿ, ನೀಲಿ ಗೆರೆಯ ಮೇಲೆ ಕಾಲಿಟ್ಟು, ಚಿಪ್ಪನ್ನು ಚಾವಣಿಗೆ ತಿರುಗಿಸಿ, ಬೆರಳುಗಳನ್ನು ಎತ್ತಿ ಹಿಡಿದು, "ಒತ್ತು ನಿನ್ನ ಗುಂಡಿ" ಎಂದ. ಖಾಲಾ ಮುಟ್ಟುವ ಕೆಲಸವೇ ಇರಲಿಲ್ಲ.

ಫಿಲಂ ಬಂತು. ಕೂದಲೆಳೆಯ ಗೆರೆ ಇದ್ದ ಜಾಗದಲ್ಲಿ ಈಗ ಬೆಳ್ಳಗೆ ಸಣ್ಣ ಉಬ್ಬು ಇತ್ತು, ಜೊಂಡಿನ ಗಿಣ್ಣಿನ ಹಾಗೆ. ಹರಡಿನ ಸಂದು ಸರಿಯಾಗಿ ಕೂಡಿತ್ತು. ಡಾಕ್ಟರ್ ಅದನ್ನು ಎರಡು ಸಲ ನೋಡಿದರು. ಅತ್ತೆ ಬಟ್ಟೆ ಸುತ್ತಿದ ಕೈಗಳನ್ನು ಎದೆಗೆ ಒತ್ತಿಕೊಂಡು ನಿಂತಿದ್ದಳು.

"ನಿಲ್ಲಬಹುದು, ಜಾಯರ್" ಎಂದರು ಡಾಕ್ಟರ್. "ಆದ್ರೆ ಪಂದ್ಯ ಕಟ್ಟಬೇಡಿ."

ಖಾಲಾ ನಾಲಿಗೆ ಮಡಿಸಿ ಹೊಡೆದ ಸಂಭ್ರಮದ ಉಲುಲು ಕೂಗು ಇಡೀ ಆಸ್ಪತ್ರೆಗೆ ಕೇಳಿಸಿತು. ಎದೆಯ ಚಿತ್ರಕ್ಕೆ ಕಾಯುತ್ತಿದ್ದ ಹೆಂಗಸರೂ ದನಿ ಸೇರಿಸಿದರು. ಅಜ್ಜಿ ನಮ್ಮ ವಾಡಿಕೆಯಂತೆ ಡಾಕ್ಟರರ ತಲೆಯ ಮೇಲೆ ಮಿಠಾಯಿ ಎರಚಿದಳು. ಅತ್ತೆ ನಗುತ್ತಾ ಅಳುತ್ತಾ, ಕಣ್ಣೊರೆಸಿಕೊಳ್ಳಲು ಕೈ ಬರದೆ, ನನ್ನ ಹೆಗಲಿಗೆ ಮುಖ ಒರೆಸಿದಳು. ಅಜ್ಜ ಮೇಜಿನ ಮೇಲೆ ಕುಳಿತೇ ಇದ್ದ. ಆಮೇಲೆ ಇಳಿದು ಬಲಗಾಲೊಂದರ ಮೇಲೆಯೇ ನಿಂತು ತೋರಿಸಿದ. ಖಾಲಾ ಬೈದರು.

ಮದುವೆ ನಾಳೆ. ಅಜ್ಜ ಈಗ ದೋಣಿಗೆ ಡಾಂಬರು ಸವರಿ, ಗಳವನ್ನು ಎಣ್ಣೆ ಬಟ್ಟೆಯಿಂದ ಉಜ್ಜುತ್ತಿದ್ದಾನೆ. ಖಾಲಾಗೆ ಆಸ್ಪತ್ರೆಯಿಂದ ಅರ್ಧ ದಿನ ಮಾತ್ರ ರಜೆ ಸಿಕ್ಕಿದೆ. ಮೆರವಣಿಗೆ ಹೊರಡುವ ಮೊದಲು ಅವರನ್ನು ಕರೆತರಲು ಯಾರಾದರೂ ಹೋಗಬೇಕು. ನಾಳೆ ಬೆಳಿಗ್ಗೆ ಸಣ್ಣ ದೋಣಿ ತೆಗೆದುಕೊಂಡು ನಾನು ಹೋಗುತ್ತೇನೆ.